ಮೊಟ್ಟೆಯ ಬಿಳಿಯಿಂದ ಬಂದ ಸಾಹೇಬರು

10 ಮಿಲಿಲೀಟರಿನ ಪುಟ್ಟ ಬಾಟಲಿ, ಒಳಗೆ 20 ಮಿಲಿಗ್ರಾಂ ಕಿಣ್ವ. ಸೆಬೆಲಿಪೇಸ್ ಆಲ್ಫಾ ಅವರನ್ನು ಪತ್ರಿಕೆಯ ವರದಿಗಾರ ಔಷಧದ ಫ್ರಿಜ್ಜಿನಲ್ಲೇ ಭೇಟಿಯಾದ.

"ತಮ್ಮ ಮೂಲ?"

"ಜೀನು ಮನುಷ್ಯರದು, ಹೆತ್ತದ್ದು ಅಮೆರಿಕದ ಕೋಳಿ. ಕೋಳಿಗೆ ಮನುಷ್ಯರ ಜೀನು ಸೇರಿಸಿದರು, ನಾನು ಮೊಟ್ಟೆಯ ಬಿಳಿಯಲ್ಲಿ ಬಂದೆ. ಕೊಲೆಸ್ಟರಾಲ್ ಇರೋದು ಹಳದಿಯಲ್ಲಿ, ಅದರ ವಿಲೇವಾರಿಗೆ ಹುಟ್ಟಿದ ನಾನು ಬಿಳಿಯಲ್ಲಿ. ಅಕ್ಕಪಕ್ಕದ ಕೋಣೆ, ಮಾತುಕತೆ ಇಲ್ಲ."

"ಕೆಲಸ?"

"ಕಸದ ಕೆಲಸ. ಜೀವಕೋಶದೊಳಗೆ ಲೈಸೋಸೋಮ್ ಅಂತ ಆಮ್ಲ ತುಂಬಿದ ಚೀಲ ಇದೆ. ಅಲ್ಲಿಗೆ ಬಂದುಬಿದ್ದ ಕೊಲೆಸ್ಟರಾಲ್ ಎಸ್ಟರು, ಟ್ರೈಗ್ಲಿಸರೈಡುಗಳನ್ನು ತುಂಡರಿಸಿ ಹೊರಗೆ ಸಾಗಹಾಕಬೇಕು."

ಈ ಕೆಲಸಕ್ಕೆ ಆಳಿಲ್ಲದೆ ಹುಟ್ಟುವ ಶಿಶುಗಳಿವೆ. ಕೊಬ್ಬು ಯಕೃತ್ತು, ಗುಲ್ಮ, ಕರುಳುಗಳಲ್ಲಿ ತುಂಬಿಕೊಳ್ಳುತ್ತದೆ. ಹೊಟ್ಟೆ ಉಬ್ಬುತ್ತದೆ, ಕುಡಿದ ಹಾಲು ಮೈಗೆ ಹತ್ತುವುದಿಲ್ಲ. ವೋಲ್ಮನ್ ಕಾಯಿಲೆ ಎಂದು ಇದರ ಹೆಸರು. ಈ ಕಿಣ್ವ ಸಿಗದಿದ್ದ ಕಾಲದ 21 ಶಿಶುಗಳ ದಾಖಲೆ ತೆಗೆದು ನೋಡಿದರೆ, ಒಂದೂ ಮೊದಲ ಹುಟ್ಟುಹಬ್ಬ ಕಂಡಿರಲಿಲ್ಲ. ಪ್ರಯೋಗದಲ್ಲಿ ಕಿಣ್ವ ಪಡೆದ 9 ಶಿಶುಗಳಲ್ಲಿ 6 ಕಂಡವು.

"ಹಾಗಾದರೆ ವಾಕಿಂಗ್ ಮುಗಿಸಿ ಬೆಣ್ಣೆ ದೋಸೆ ತಿನ್ನುವವರಿಗೂ ತಾವೇ ಗತಿಯೇ?"

"ಅವರಿಗೆ ಸ್ಟ್ಯಾಟಿನ್ ಮಾತ್ರೆ ಇದೆಯಲ್ಲ! ನಾನು ಡ್ರಿಪ್ಪಿನಲ್ಲೇ ಏರಬೇಕು. ಶಿಶುವಿಗೆ ವಾರಕ್ಕೊಮ್ಮೆ, ಇದೇ ಕಿಣ್ವದ ಕೊರತೆಯಿರುವ ದೊಡ್ಡವರಿಗೆ ಎರಡು ವಾರಕ್ಕೊಮ್ಮೆ, ಬದುಕಿರುವ ತನಕ. ಬೆಣ್ಣೆಯ ಬಾಬ್ತು ನನ್ನದಲ್ಲ."

2015ರ ಡಿಸೆಂಬರಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಒಪ್ಪಿಗೆ ಕೊಟ್ಟಿತು. ಅದೂ ಎರಡೆರಡು: ಔಷಧ ವಿಭಾಗ ಕಿಣ್ವಕ್ಕೆ, ಪಶುವೈದ್ಯ ವಿಭಾಗ ಕೋಳಿಗೆ.

"ತಾಯಿಗೆ ಬೇರೆ ಸರ್ಟಿಫಿಕೇಟು ಯಾಕೆ?"

"ಅವಳ ಜೀನು ತಿದ್ದಿದ್ದಾರಲ್ಲ, ಅದಕ್ಕೆ. ಅವಳಾಗಲಿ, ಅವಳ ಮೊಟ್ಟೆಯಾಗಲಿ ಅಡುಗೆಮನೆ ಹೊಗಕೂಡದು. ಕೋಳಿ ಕೇಳಿ ಮಸಾಲೆ ಅರೀತಾರಾ ಅಂತೀರಿ. ಇಲ್ಲಿ ಮಸಾಲೆಯೇ ನಿಷಿದ್ಧ. ಅವಳನ್ನು ಕೇಳದೆ ಅರೆದದ್ದು ಬೆಲೆಯನ್ನು."

ಆ ಅರೆತ ಸಣ್ಣದಲ್ಲ. ಕಿಣ್ವವನ್ನು ರೂಪಿಸಿದ ಸಿನಾಜೆವಾ ಕಂಪನಿಯನ್ನು ಅದೇ ವರ್ಷ ಅಲೆಕ್ಸಿಯಾನ್ 800 ಕೋಟಿ ಡಾಲರಿಗೂ ಮೀರಿದ ಮೊತ್ತಕ್ಕೆ ಕೊಂಡಿತು. ಔಷಧ ಮಾರುಕಟ್ಟೆಗೆ ಬಂದಾಗ ಒಬ್ಬ ರೋಗಿಯ ವರ್ಷದ ಸರಾಸರಿ ವೆಚ್ಚ ಸುಮಾರು 3.1 ಲಕ್ಷ ಡಾಲರ್, ಆಗಿನ ಲೆಕ್ಕದಲ್ಲಿ 2 ಕೋಟಿ ರೂಪಾಯಿ.

"ಕೋಳಿಗೆ ಪಾಲು?"

"ಕಾಳು."

ವರದಿಗಾರ ಭಾರತದ ಕಡತ ಬಿಚ್ಚಿದ. ಅಪರೂಪದ ಕಾಯಿಲೆಗಳ 2021ರ ರಾಷ್ಟ್ರೀಯ ನೀತಿಯಲ್ಲಿ ವೋಲ್ಮನ್ ಹೆಸರಿದೆ. 2022ರಲ್ಲಿ ನೆರವಿನ ಮಿತಿ ರೋಗಿಯೊಬ್ಬರಿಗೆ 50 ಲಕ್ಷ ರೂಪಾಯಿಗೆ ಏರಿತು. ನೀತಿಯಡಿ ಗುರುತಿಸಿದ ಕೇಂದ್ರ ಬೆಂಗಳೂರಿನಲ್ಲೂ ಇದೆ.

"50 ಲಕ್ಷ ಎಷ್ಟು ದಿನ ಬರುತ್ತೆ?"

"ಆ ದರಕ್ಕೆ ಮೂರು ತಿಂಗಳು."

"ನಾಲ್ಕನೆಯ ತಿಂಗಳು?"

"ದಾನಿಗಳಿಂದ ಹಣ ಕೂಡಿಸಲು ಪೋರ್ಟಲ್ ಇದೆ, ನೀತಿಯಲ್ಲೇ ಬರೆದಿದ್ದಾರೆ. ಮಗುವಿನ ವಿವರ ಹಾಕಿ ಕಾಯಬೇಕು."

"ಎಷ್ಟು ಕಾಲ?"

"ದಾನಿಗಳಿಗೆ ವಾಯಿದೆ ಯಾರು ಹಾಕ್ತಾರೆ ಸ್ವಾಮಿ? ನನ್ನ ವಾಯಿದೆ ಮಾತ್ರ ವಾರಕ್ಕೊಂದು."