ಗೇಣುದ್ದದ ಮರ್ಯಾದೆ

ಏರೋಪ್ಲೇನ್ ಚಿಟ್ಟೆಯ ಒಂದೊಂದು ಕಣ್ಣಲ್ಲೂ ಸಾವಿರಾರು ಪುಟ್ಟ ಮಸೂರಗಳು. ಛಾಯಾಗ್ರಾಹಕನ ಕೈಯಲ್ಲಿರುವುದು ಒಂದೇ ಲೆನ್ಸು, ಅದೂ ಕಂತಿನ ಮೇಲೆ ತಂದದ್ದು. ಇಂಥ ಎದುರಾಳಿಯತ್ತ ತೆವಳುತ್ತಾ ಹೋಗುವುದು ಶೌರ್ಯವಲ್ಲ, ಮೊಂಡುತನ. ಕೀಟವನ್ನು ಸೆನ್ಸರ್ ಮೇಲೆ ನಿಜಗಾತ್ರದಲ್ಲಿ ಮೂಡಿಸಲು 60 ಮಿ.ಮೀ. ಮ್ಯಾಕ್ರೋ ಲೆನ್ಸು ಅದರ ಮೀಸೆಯ ಬುಡಕ್ಕೇ ಹೋಗಬೇಕು, ಬಿಸಿಲಿಗೂ ಅಡ್ಡ ನಿಲ್ಲಬೇಕು, 180 ಮಿ.ಮೀ.ನದು ಗೇಣುದ್ದ ಆಚೆಯಿಂದಲೇ ಅಷ್ಟನ್ನೂ ಮುಗಿಸುತ್ತದೆ. ಉದ್ದ ಲೆನ್ಸಿನಲ್ಲಿ ಫೋಕಸ್ಸಿನ ಆಳ ಕಡಿಮೆ ಎಂಬ ತಕರಾರು ಹಳೆಯದು. ಚಿತ್ರದ ಗಾತ್ರವೂ ಅಪರ್ಚರೂ ಅದೇ ಇದ್ದರೆ ಆಳವೂ ಹೆಚ್ಚುಕಡಿಮೆ ಅಷ್ಟೇ. ತೂಕ, ಕೈನಡುಕ ಮಾತ್ರ ನಿಜವಾದ ದೂರುಗಳು. ಅದಕ್ಕೆ ಮೊನೊಪಾಡ್ ಉಂಟು. ಇರುವೆಗೆ ಗಿಡ್ಡ ಲೆನ್ಸೇ ಸಾಕಲ್ಲವೇ ಎನ್ನುವವರಿಗೆ, ಸಾಕು, ಒಪ್ಪಿದೆ. ಹೆಜ್ಜೇನಿಗೂ ಸಾಕು ಎನ್ನುವವರೊಡನೆ ವಾದ ಬೇಡ. ಉತ್ತರವನ್ನು ಹೆಜ್ಜೇನೇ ಕೊಡುತ್ತದೆ.