ಕ್ಲಚ್ಚಪ್ಪನವರ ಎಡಗಾಲು

ಬೆಳಿಗ್ಗೆ ಚಿಂತಾಮಣಿಯ ಜೋಡಿ ರಸ್ತೆಯಲ್ಲಿ ಹಸಿರು ಜೀಪೊಂದು ಗಡಗಡ ನಡುಗಿ, ಒಮ್ಮೆ ಮುಗ್ಗರಿಸಿ, ಆಮೇಲೆ ಮುಂದಕ್ಕೆ ಹಾರಿತೆಂದರೆ ಕ್ಲಚ್ಚಪ್ಪನವರು ಮಂಡಿಗೆ ಹೊರಟರೆಂದೇ ಲೆಕ್ಕ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇದೆ. ಅದು ಈಗ ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿದಿದೆ.

2023ರ ಜುಲೈನಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸು 2,000 ರೂಪಾಯಿ ದಾಟಿತಲ್ಲ, ಆಗ ನಮ್ಮ ಸೀಮೆಯಲ್ಲಿ ಕೆಲವರು ಸಾಲ ತೀರಿಸಿದರು, ಕೆಲವರು ಟ್ರ್ಯಾಕ್ಟರು ತಂದರು. ಇವರು ಹಳೆ ಜೀಪು ತಂದರು. ನಾಲ್ಕೂ ಚಕ್ರಕ್ಕೆ ಎಳೆತ, ಮುಂದುಗಡೆ ವಿಂಚು, ಪಕ್ಕದಲ್ಲಿ ಮೂತಿ ಎತ್ತಿ ನಿಂತ ಸ್ನಾರ್ಕೆಲ್ಲು. ಗಾಡಿ ಹೊಳೆಗಿಳಿದರೂ ಇಂಜಿನ್ನಿಗೆ ಗಾಳಿ ಸಿಗಲೆಂದು ಇರುವ ಕೊಳವೆ ಅದು. ಈ ತಾಲ್ಲೂಕಿನಲ್ಲಿ ಜೀಪು ಮುಳುಗುವಷ್ಟು ನೀರಿದ್ದಿದ್ದರೆ ನಾವು 1,500 ಅಡಿ ಬೋರು ಯಾಕೆ ಕೊರೆಸುತ್ತಿದ್ದೆವು?

ಕ್ಲಚ್ಚಪ್ಪನವರ ಚಿಂತೆ ನೀರಲ್ಲ, ಬೈಟು. ಕ್ಲಚ್ ಪೆಡಲನ್ನು ಮೆಲ್ಲಗೆ ಬಿಡುತ್ತ ಬಂದಾಗ ಗಾಡಿ ಯಾವ ಜಾಗದಲ್ಲಿ ಹಿಡಿಯುತ್ತದೋ ಅದೇ ಬೈಟು. ಇವರ ಗಾಡಿಯಲ್ಲಿ ಅದು ಒಂದು ದಿನ ಮೇಲಿರುತ್ತದೆ, ಒಂದು ದಿನ ಕೆಳಗಿರುತ್ತದೆ. ಮಂಡಿಯಲ್ಲಿ ರೇಟು ಬಿದ್ದ ದಿನವಂತೂ ನೆಲಕ್ಕೇ ಹತ್ತಿಕೊಂಡಿರುತ್ತದೆ. ಆಗೆಲ್ಲ ಗಾಡಿ ಗ್ಯಾರೇಜಿನ ಭಾಯ್ ಬಳಿಗೆ.

"ಭಾಯ್, ತುಂಬ ಮೇಲೆ ಹಿಡಿತೈತೆ."

"ಹೋದ್ ವಾರ ಕೆಳಗೆ ಹಿಡಿತೈತೆ ಅಂದ್ರಲ್ಲಣ್ಣ?"

"ಅದು ಹೋದ್ ವಾರದ ಬೈಟು."

ಭಾಯ್‌ಗೆ ಇದು ಹತ್ತು ನಿಮಿಷದ ಕೆಲಸ. ಪೆಡಲಿಗೆ ಸುಮಾರು ಒಂದಿಂಚು ಪ್ಲೇ ಇರಬೇಕು, ಅಂದರೆ ಅಷ್ಟು ದೂರ ಅದು ಬರಿದೇ ಹೋಗಬೇಕು. ಕೇಬಲ್ಲಿನ ಲಾಕ್‌ನಟ್ಟು ಸಡಿಲಿಸಿ, ಅಡ್ಜಸ್ಟ್ ನಟ್ಟು ತಿರುಗಿಸಿ, ಮತ್ತೆ ಬಿಗಿದರೆ ಮುಗಿಯಿತು. ಪ್ಲೇ ಪೂರ್ತಿ ತೆಗೆದರೆ ರಿಲೀಸ್ ಬೇರಿಂಗು ಸದಾ ಒತ್ತಿಕೊಂಡೇ ತಿರುಗಿ ಸವೆಯುತ್ತದೆ, ಪ್ಲೇಟು ಜಾರಿ ಸುಟ್ಟ ವಾಸನೆ ಹೊಡೆಯುತ್ತದೆ. ಜಾಸ್ತಿ ಬಿಟ್ಟರೆ ಕ್ಲಚ್ಚು ಪೂರ್ತಿ ಬಿಡದೆ ಗೇರು ಕರಕರ ಅನ್ನುತ್ತದೆ. ಶಾಸ್ತ್ರ ಇಷ್ಟೇ. ಆದರೆ ಕ್ಲಚ್ಚಪ್ಪನವರು ಸ್ಟೂಲು ಎಳೆದುಕೊಂಡು ಕೂತರೆ ಮಧ್ಯಾಹ್ನದ ಊಟದವರೆಗೂ ಏಳುವುದಿಲ್ಲ. "ಅರ್ಧ ಸುತ್ತು ಬಿಗಿ. ಹೂಂ, ಅದರಲ್ಲಿ ಅರ್ಧ ಬಿಡು." ಸಿಟ್ಟು ಬಂದರೆ ತೆಲುಗು, ದುಡ್ಡಿನ ಮಾತಿಗೆ ಕನ್ನಡ, ಕ್ಲಚ್ಚಿಗೆ ಮಾತ್ರ ಇಂಗ್ಲಿಷು.

ಗ್ಯಾರೇಜಿನ ಹುಡುಗ ಈಗ ಬುದ್ಧಿ ಕಲಿತಿದ್ದಾನೆ. ಜೀಪಿನ ಕೆಳಗೆ ತೂರಿ, ಸ್ಪ್ಯಾನರಿನಿಂದ ಚಾಸಿಗೆ ನಾಲ್ಕು ಸಲ ಟಣಟಣ ಬಡಿದು, ನಟ್ಟು ಮುಟ್ಟದೆ ಹೊರಬರುತ್ತಾನೆ. ಕ್ಲಚ್ಚಪ್ಪನವರು ಒಂದು ರೌಂಡು ಹೊಡೆದು ಬಂದು, "ಈಗ ನೋಡು, ಬೆಣ್ಣೆ!" ಎಂದು ಅವನ ಕೈಗೆ ಟೀ ಕಾಸು ಇಡುತ್ತಾರೆ.

ನಿಜವಾದ ರೋಗ ನಟ್ಟಿನಲ್ಲಿಲ್ಲ, ಅವರ ಎಡಗಾಲಿನಲ್ಲಿದೆ. ಗಾಡಿ ಹತ್ತಿದಾಗಿನಿಂದ ಇಳಿಯುವ ತನಕ ಅದು ಪೆಡಲಿನ ಮೇಲೇ ಇರುತ್ತದೆ. ಪ್ಲೇಟು ಸವೆಯುತ್ತದೆ, ಸವೆದಷ್ಟೂ ಬೈಟು ಮೇಲೇರುತ್ತದೆ, ಮೇಲೇರಿದಷ್ಟೂ ಅವರು ಭಾಯ್ ಬಳಿಗೆ ಓಡುತ್ತಾರೆ. ಭಾಯ್ ಒಮ್ಮೆ ಇದನ್ನೇ ನಯವಾಗಿ ಹೇಳಿದ: "ಅಣ್ಣ, ಕಾಲು ತೆಗೀರಿ." ಕ್ಲಚ್ಚಪ್ಪನವರು ಒಂದು ತಿಂಗಳು ಬೇರೆ ಗ್ಯಾರೇಜಿಗೆ ಹೋದರು.

ಯಾವುದರಿಂದಲೂ ಪೂರ್ತಿ ಕಾಲು ತೆಗೆಯುವ ಪೈಕಿಯೇ ಅಲ್ಲ ಅವರು. ಹರಾಜಿನಲ್ಲಿ ಕೈ ಎತ್ತುತ್ತಾರೆ, ಕಿವಿಯ ಮಟ್ಟಕ್ಕೆ ಬರುವಷ್ಟರಲ್ಲಿ ತಲೆ ಕೆರೆದುಕೊಳ್ಳುತ್ತಾರೆ. "ಇನ್ನು ಮಂಡಿಯೆಲ್ಲ ನಿಂದೇ ಕಣಪ್ಪ" ಎಂದು ಮಗನಿಗೆ ಒಪ್ಪಿಸಿ ವರ್ಷವಾಯಿತು. ಗಲ್ಲಾಪೆಟ್ಟಿಗೆಯ ಬೀಗದಕೈ ಇನ್ನೂ ಅವರ ಉಡಿದಾರದಲ್ಲಿದೆ. ಮಗಳಿಗೆ ಬಂದ ಸಂಬಂಧಗಳಿಗೆಲ್ಲ ಒಂದೇ ಉತ್ತರ: "ನೋಡಾನ."

ಹಿಂದೆ ಚೇಳೂರು ಕಡೆ ಇಂಥವೇ ಜೀಪುಗಳು ಜನ ತುಂಬಿಕೊಂಡು ಓಡುತ್ತಿದ್ದವು. ಒಳಗೆ ಹಿಡಿಸಿದಷ್ಟು ಜನ, ಹಿಂದೆ ನೇತಾಡುವವರು, ಮೇಲೆ ಮೂಟೆ, ಯಾರದೋ ತೊಡೆಯ ಮೇಲೆ ಕೋಳಿ. ಡ್ರೈವರು ಸೀಟಿನ ಅಂಚಿನಲ್ಲಿ ಅರ್ಧ ಕೂತು ಓಡಿಸುತ್ತಿದ್ದ. ಬೈಟು ಎಲ್ಲಿದೆ ಎಂದು ಅವನನ್ನು ಕೇಳಿದ್ದರೆ, "ಮೊದ್ಲು ಚಿಲ್ಲರೆ ಕೊಡಿ" ಅನ್ನುತ್ತಿದ್ದ.

ಮನೆಯಲ್ಲಿ ಕ್ಲಚ್ಚಪ್ಪನವರ ಹೆಂಡತಿಗೆ ಕೇಳಿ ಕೇಳಿ ಸಾಕಾಗಿತ್ತು: "ಬೆಟ್ಟ ಹತ್ತೋ ಗಾಡಿ ಅಂದ್ರಲ್ಲ, ಯಾವತ್ತು ಕರ್ಕೊಂಡ್ ಹೋಗ್ತೀರ?"

"ಬೈಟು ಸೆಟ್ಟಾಗ್ಲಿ ಕಣೆ."

ಹೋದ ಭಾನುವಾರ ಅವರು ಮಂಡಿಯಲ್ಲಿದ್ದಾಗ ಮಗಳು ಕೀ ತಗೊಂಡಳು. ಅಮ್ಮನನ್ನು ಕೂರಿಸಿಕೊಂಡು ಅಂಬಾಜಿದುರ್ಗದ ಕಡೆ ಮಣ್ಣುದಾರಿಗೆ ಇಳಿದಳು. ಚಿಕ್ಕ ಲಿವರು ಎಳೆದು ಫೋರ್ ಲೋ, ಮೊದಲನೇ ಗೇರು; ಕ್ಲಚ್ಚು ಪೂರ್ತಿ ಬಿಟ್ಟಳು. ಜೀಪು ತನ್ನ ಪಾಡಿಗೆ ತಾನು ಕಲ್ಲು ಗುಂಡಿ ಹತ್ತಿಳಿದು ಹೋಯಿತು.

ಸಂಜೆ ಅಪ್ಪನಿಗೆ ಸುದ್ದಿ ತಿಳಿಯಿತು. ಕೆಸರು ನೋಡಲಿಲ್ಲ, ಗೀರು ನೋಡಲಿಲ್ಲ. "ಬೈಟು ಹೆಂಗಿತ್ತಮ್ಮ?"

"ಗೊತ್ತಾಗ್ಲಿಲ್ಲಪ್ಪ. ಕಾಲು ತೆಗ್ದಿಟ್ಟಿದ್ದೆ."

ಕ್ಲಚ್ಚಪ್ಪನವರು ರಾತ್ರಿಯೆಲ್ಲ ಯೋಚಿಸಿದರು. ಸೋಮವಾರ ಗ್ಯಾರೇಜು ಬಾಗಿಲು ತೆಗೆಯುವುದಕ್ಕೆ ಮುಂಚೆಯೇ ಅಲ್ಲಿ ನಿಂತಿದ್ದರು.

"ಭಾಯ್, ಬೇಗ ಬನ್ನಿ. ನನ್ನ ಮಗಳು ಸೆಟ್ಟಿಂಗೆಲ್ಲ ಕೆಡಿಸ್ಬಿಟ್ಟವ್ಳೆ!"