ಅರ್ಧ ಮಿಲಿಮೀಟರ್ ಮಹಾಶಯ

ಚಳಿಗಾಲದ ಸಂಜೆ ಇಂಗ್ಲೆಂಡಿನ ಎಷ್ಟೋ ಊರುಗಳಲ್ಲಿ ಶಾಲೆಯ ಹಾಲ್‌ನಲ್ಲಿ ಕಾರ್ಪೆಟ್ ಹಾಸಿ ರಿಮೋಟ್ ಕಾರುಗಳ ರೇಸ್ ನಡೆಸುತ್ತಾರೆ. ಅಲ್ಲಿಗೆ ಈ ಮಹಾಶಯ ತಪ್ಪದೆ ಹಾಜರು. ರೇಸ್ ಐದೇ ನಿಮಿಷ. ಉಳಿದ ಸಂಜೆಯೆಲ್ಲ ಬಿಚ್ಚುವುದು, ಕಟ್ಟುವುದು, ಮತ್ತೆ ಬಿಚ್ಚುವುದು.

ಕಾರಿನ ತೂಕ ಸುಮಾರು 1.3 ಕಿಲೋ, ಅದರ ಸಲಕರಣೆಯ ತೂಕ ಕೇಳಬೇಡಿ. ಮೇಜಿನ ಮೇಲೆ 350, 400, 450 ಎಂದು ನಂಬರು ಹಚ್ಚಿದ ಶಾಕ್ ಎಣ್ಣೆಯ ಶೀಸೆಗಳು ನಾಟಿ ವೈದ್ಯರ ಕಪಾಟಿನಲ್ಲಿದ್ದಂತೆ ಸಾಲಾಗಿ ನಿಂತಿವೆ. ಪಕ್ಕದಲ್ಲಿ ವರ್ನಿಯರ್, ಚಕ್ರದ ಓರೆ ಅಳೆಯುವ ಕ್ಯಾಂಬರ್ ಗೇಜ್, ಬಣ್ಣಬಣ್ಣದ ಸ್ಪ್ರಿಂಗ್. ಚಾಸಿ ನೆಲದಿಂದ 5 ಮಿಲಿಮೀಟರ್ ಎತ್ತರ ಇರಬೇಕು, 5.2 ಬಂತೆಂದರೆ ಆ ರಾತ್ರಿ ಅವನಿಗೆ ನಿದ್ದೆಯಿಲ್ಲ.

ಹಾಗಂತ ಅವನದು ಬರೀ ಹುಚ್ಚಲ್ಲ. ಸಸ್ಪೆನ್ಷನ್ ತೋಳು ಚಾಸಿಗೆ ಕೂರುವ ಜಾಗಕ್ಕೆ ಅರ್ಧ ಮಿಲಿಮೀಟರಿನ ಬಿಲ್ಲೆ ಕೊಟ್ಟರೆ ಕಾರು ವಾಲುವ ಕೇಂದ್ರ, ಅಂದರೆ ರೋಲ್ ಸೆಂಟರ್, ಮೇಲೇರುತ್ತದೆ, ಕಾರು ತಿರುವಿನಲ್ಲಿ ವಾಲುವುದು ಕಡಿಮೆಯಾಗುತ್ತದೆ. ಕಾರ್ಪೆಟ್ಟಿನ ಹಿಡಿತ ಅತಿಯಾದರೆ ಕಾರು ತಿರುಗುವ ಬದಲು ಮಗುಚಿಕೊಳ್ಳುತ್ತದೆ. ಅದಕ್ಕೆ ಮುಂದಿನ ಟೈರಿನ ಅಂಚಿಗೆ ಸೂಪರ್ ಗ್ಲೂ ಬಳಿಯುತ್ತಾರೆ. ತಮಾಷೆಯಲ್ಲ, ನಿಜವಾದ ಮದ್ದು! ಅಷ್ಟಕ್ಕೂ, ರೇಸ್ ಎಂಜಿನ್ ಕಂಪನಿ ಕಾಸ್‌ವರ್ತ್‌ನಲ್ಲಿ ಎಂಜಿನಿಯರ್ ಆಗಿದ್ದ ಸೆಸಿಲ್ ಶೂಮಾಕರ್ ಆಟಿಕೆ ಕಾರಿಗೆಂದು ಬಾಲ್ ಡಿಫರೆನ್ಷಿಯಲ್ ರೂಪಿಸಿ ಕಂಪನಿಯನ್ನೇ ಕಟ್ಟಿದ ದೇಶ ಇಂಗ್ಲೆಂಡ್. ನಮ್ಮ ಮಹಾಶಯನಿಗೆ ಆ ವಂಶದವನೆಂಬ ಹೆಮ್ಮೆ.

'ಒಂದು ಸಲಕ್ಕೆ ಒಂದೇ ಬದಲಾವಣೆ' ಎಂದು ಹೊಸಬರಿಗೆಲ್ಲ ಉಪದೇಶ ಮಾಡುತ್ತಾನೆ. ತಾನು ಮಾತ್ರ ಒಂದೇ ಬಿಡುವಿನಲ್ಲಿ ಎಣ್ಣೆ ಬದಲಿಸಿ, ಹಿಂದಿನ ಸ್ಪ್ರಿಂಗ್ ಕಿತ್ತು, ಚಕ್ರ ಕೆಳಗಿಳಿಯುವ ಮಿತಿ ಹಿಡಿಯುವ ಡ್ರೂಪ್ ಸ್ಕ್ರೂವನ್ನೂ ಕಾಲು ಸುತ್ತು ತಿರುಗಿಸುತ್ತಾನೆ. ಲ್ಯಾಪ್ ಎರಡು ಹತ್ತಾಂಶ ಸೆಕೆಂಡು ಬೇಗ ಮುಗಿಯಿತೆನ್ನಿ, ಆಗ ಶುರು ಸಂಕಟ: ಮೂರರಲ್ಲಿ ಯಾವುದರ ಪುಣ್ಯ ಇದು? ಪತ್ತೆಗೆಂದು ಮೂರನ್ನೂ ಹಿಂದಕ್ಕೆ ತರುತ್ತಾನೆ. ಕಾರು ಆಗಲೂ ಅಷ್ಟೇ ಬೇಗ ಓಡುತ್ತದೆ.

ಚಾಂಪಿಯನ್ನರ ಸೆಟಪ್ ಹಾಳೆಗಳನ್ನು ಫೈಲು ಮಾಡಿಟ್ಟಿದ್ದಾನೆ. ಜಪಾನಿನ ಮಸಾಮಿ ಹಿರೋಸಾಕಾ 14 ವಿಶ್ವ ಪ್ರಶಸ್ತಿ ಗೆದ್ದದ್ದು ಕಾರಿನ ಹೊಂದಾಣಿಕೆಯಿಂದಲೇ ಎಂದು ಅವನ ವಾದ. ಕೈಚಳಕದ ಮಾತೆತ್ತಿದರೆ ಸಾಕು, ಮುಖ ಗಂಟಿಕ್ಕುತ್ತದೆ.

ತನ್ನ ಸರದಿ ಮುಗಿಸಿದವನು ಮುಂದಿನ ರೇಸಿನಲ್ಲಿ ಟ್ರ್ಯಾಕಿನ ಬದಿ ನಿಂತು, ಮಗುಚಿದ ಕಾರುಗಳನ್ನು ಎತ್ತಿ ಕೊಡಬೇಕು, ಕ್ಲಬ್ಬಿನ ಪದ್ಧತಿ. ಇವನೂ ನಿಲ್ಲುತ್ತಾನೆ. ಆದರೆ ಬಿದ್ದ ಕಾರನ್ನು ಎತ್ತಿದವನೇ ಮೊದಲು ಅಡಿಭಾಗ ನೋಡುತ್ತಾನೆ, ಬಿಲ್ಲೆ ಎಣಿಸುತ್ತಾನೆ, ಚಕ್ರದ ಓರೆ ಅಂದಾಜು ಮಾಡುತ್ತಾನೆ. ಕಾರಿನ ಒಡೆಯ ಚಾಲಕರು ನಿಲ್ಲುವ ವೇದಿಕೆಯ ಮೇಲಿಂದ ಗಂಟಲು ಹರಿಯುವಂತೆ ಕೂಗುತ್ತಿರುತ್ತಾನೆ.

ಮೊನ್ನೆ ಪ್ಯಾಕೆಟ್ಟಿನ ಬಿಲ್ಲೆಗಳನ್ನೆಲ್ಲ ಅಳೆದ. ಅರ್ಧ ಮಿಲಿಮೀಟರ್ ಎಂದು ಬರೆದದ್ದರಲ್ಲಿ ಒಂದು 0.48 ಬಂತು. ತಾನು ಕಡೆಯವನಾಗಿ ಬಂದದ್ದಕ್ಕೆ ಕಾರಣ ಸಿಕ್ಕಿತು. ಅದೂ ಸಾಲದೆ ಕಾರ್ಯದರ್ಶಿಯ ಬಳಿ ಹೋಗಿ, "ಈ ವಾರ ಕಾರ್ಪೆಟ್ಟನ್ನು ತಿರುಗಿಸಿ ಹಾಸಿದ್ದೀರಾ?" ಎಂದು ಮೆಲ್ಲಗೆ ಕೇಳಿದ.

"ಇಲ್ಲಪ್ಪ, ಕಸ ಗುಡಿಸಿದ್ದೇವೆ ಅಷ್ಟೆ" ಎಂದರು ಆತ.

ಮಹಾಶಯ ತಕ್ಷಣ ಪುಸ್ತಕ ತೆಗೆದು ಅದನ್ನೂ ಬರೆದುಕೊಂಡ.